ಕೊಳ್ಳೇಗಾಲದ ಸರದಿ ಬಂದ ವರ್ಷ

ಕಳೆದ ಭಾನುವಾರ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಆ ಮಹಡಿಯ ಮೆಟ್ಟಿಲು ಹತ್ತುವಾಗ ವಾಸನೆ ಮೊದಲು ಬಂತು, ನೆನಪು ಆಮೇಲೆ. ಹಸಿ ರೇಷ್ಮೆ ನೂಲನ್ನು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸುವಾಗ ಏಳುವ ವಾಸನೆ ಅದು. ಹೊಸಬರಿಗೆ ಹೊಟ್ಟೆ ತೊಳಸುತ್ತದೆ. ನನಗೆ ಉರಿಯುತ್ತದೆ. ಎರಡು ವರ್ಷದ ಹಿಂದೆ ಇದೇ ವಾಸನೆಯ ನಡುವೆ ಎದ್ದು ನಿಂತು, ನನಗೆ ಬರಬೇಕಿದ್ದ ಹುದ್ದೆಗೆ ರೇವತಿಯ ಹೆಸರನ್ನು ನಾನೇ ಸೂಚಿಸಿದ್ದೆ.

ಆ ಮನೆಯ ಕೆಳಗೆ ಮಗ್ಗ, ಹಿತ್ತಲಲ್ಲಿ ನೂಲು ಕುದಿಸುವ ಹಂಡೆ, ಮೇಲೆ ನಮ್ಮ ಸಂಘ. ಉದ್ಯೋಗ ಮನಃಶಾಸ್ತ್ರಜ್ಞರ ಸಂಘ ಎಂದರೆ ಕೇಳಿದವರು ಇನ್ನೊಂದು ಸಲ ಹೇಳಿ ಅನ್ನುತ್ತಾರೆ. ಗಾರ್ಮೆಂಟ್ಸ್ ಕಾರ್ಖಾನೆ, ಬಸ್ ಡಿಪೊ, ಆಸ್ಪತ್ರೆ, ಕಲ್ಲಿನ ಕ್ವಾರಿ, ಹೀಗೆ ಜನ ದುಡಿಯುವ ಜಾಗದಲ್ಲೇ ಕೂತು ಅವರ ಮನಸ್ಸಿನ ಕಷ್ಟ ಕೇಳುವವರು ನಾವು. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ತಾಲ್ಲೂಕು ಸೇರಿ ಹದಿನಾಲ್ಕು ಜನ. ಮುಳ್ಳೂರಿನಲ್ಲಿರುವ ನಮ್ಮಪ್ಪ ನನ್ನ ಕೆಲಸವನ್ನು ಊರಿನವರಿಗೆ ವಿವರಿಸುವುದು ಹೀಗೆ: "ನಮ್ಮ ಸುಮ ಗಾರ್ಮೆಂಟ್ಸ್‌ನಾಗವ್ಳೆ. ಬಟ್ಟೆ ಒಲಿಯಲ್ಲ. ಒಲಿಯೋರು ಯಾಕ್ ಅಳ್ತಾರೆ ಅಂತ ಕೇಳ್ತಾಳೆ." ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಸಂಘ ಸಣ್ಣದಾದರೂ ಅದರ ಕಟ್ಟಳೆಗಳು ದೊಡ್ಡವು. ಕಾರ್ಯದರ್ಶಿಯ ಹುದ್ದೆ ತಾಲ್ಲೂಕಿನ ಸರದಿಯ ಮೇಲೆ ಹೋಗುತ್ತದೆ: ಕೊಳ್ಳೇಗಾಲ, ಆಮೇಲೆ ಹನೂರು, ಆಮೇಲೆ ಯಳಂದೂರು, ಎರಡೆರಡು ವರ್ಷ. ಸಂಘ ಶುರುವಾದ ದಿನವೇ ಆದ ಜಗಳದಿಂದ ಹುಟ್ಟಿದ ಪದ್ಧತಿ ಇದು. ಹೊಸ ಕಾರ್ಯದರ್ಶಿಯ ಹೆಸರನ್ನು ಸೂಚಿಸುವುದು ಇಳಿಯುತ್ತಿರುವ ಜಂಟಿ ಕಾರ್ಯದರ್ಶಿಯ ಕೆಲಸ. ನಿಜವಾದ ತೀರ್ಮಾನವೆಲ್ಲ ಸಭೆಗೆ ಮುಂಚೆ ಬೀದಿ ತುದಿಯ ಮೆಸ್ಸಿನಲ್ಲಿ ಊಟದ ಎಲೆಯ ಮುಂದೆ ಆಗಿಹೋಗುತ್ತದೆ. ಮೇಲೆ ಬಂದು ಕೈ ಎತ್ತುವುದಷ್ಟೇ ಉಳಿಯುವುದು. ಇದ್ಯಾವುದನ್ನೂ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

ಆ ವರ್ಷ ಯಳಂದೂರಿನ ಸರದಿಯ ಕೊನೆಯ ವರ್ಷ. ಕಾರ್ಯದರ್ಶಿಗೆ ಬೇರೆ ಜಿಲ್ಲೆಗೆ ವರ್ಗವಾಗಿ, ಜಂಟಿ ಕಾರ್ಯದರ್ಶಿಯಾಗಿದ್ದ ನಾನೇ ಎರಡೂ ಕೆಲಸ ನೋಡುತ್ತಿದ್ದೆ. ಸಭೆಯ ನೋಟಿಸು, ನಡಾವಳಿ, ಕುರ್ಚಿ ಜೋಡಿಸುವುದು, ಫ್ಯಾನು ಕೆಟ್ಟರೆ ಕೆಳಗಿನ ಮನೆಯವರನ್ನು ಕೇಳುವುದು, ಎಲ್ಲವೂ. ಮುಂದಿನ ಸರದಿ ಕೊಳ್ಳೇಗಾಲದ್ದು. ನಾನು ಹುಟ್ಟಿದ್ದು ಕೊಳ್ಳೇಗಾಲದ ತಾಲ್ಲೂಕಿನಲ್ಲಿ, ಬಾಡಿಗೆಗೆ ಇದ್ದದ್ದು ಕೊಳ್ಳೇಗಾಲದಲ್ಲಿ, ದುಡಿಯುತ್ತಿದ್ದದ್ದೂ ಕೊಳ್ಳೇಗಾಲದ ಹೊರಗಿನ ಗಾರ್ಮೆಂಟ್ಸ್‌ನಲ್ಲಿ. ಮನಸ್ಸಿನಲ್ಲಿ ಆ ಹುದ್ದೆ ನನ್ನದೇ ಆಗಿಬಿಟ್ಟಿತ್ತು.

ಯುಗಾದಿ ಕಳೆದ ಮೊದಲ ಸಭೆಗೆ ರೇವತಿ ಬಂದಳು. ಮನೆ ಯಳಂದೂರಿನಲ್ಲಿ, ಕೆಲಸ ಕೊಳ್ಳೇಗಾಲದ ಬಸ್ ಡಿಪೊದಲ್ಲಿ, ಡ್ರೈವರು ಕಂಡಕ್ಟರುಗಳ ಆಪ್ತ ಸಮಾಲೋಚಕಿ. ಹೊಸ ಸದಸ್ಯೆ, ನನ್ನದೇ ವಯಸ್ಸು. ಡಿಪೊದವಳಾಗಿಯೂ ಬಸ್ಸು ತಪ್ಪಿಸಿಕೊಂಡು ಅರ್ಧ ಗಂಟೆ ತಡವಾಗಿ ಬಂದಳು. ಬಂದವಳೇ ನನ್ನ ಪಕ್ಕ ಕೂತು ಪೆನ್ನು ಕೇಳಿದಳು. ಕೊಟ್ಟೆ. ಒಂದಕ್ಷರ ಬರೆಯಲಿಲ್ಲ. ಹೋಗುವಾಗ ನೆನಪಿಟ್ಟು ವಾಪಸು ಕೊಟ್ಟಳು. ಇಟ್ಟುಕೊಂಡು ಹೋಗಿದ್ದರೆ ಅವಳನ್ನು ದೂರಲು ನನಗೊಂದು ಕಾರಣವಾದರೂ ಇರುತ್ತಿತ್ತು.

ಆ ಸಭೆಯಲ್ಲೇ ಅಧ್ಯಕ್ಷರು ಮುಖ್ಯವಾದ ಕೆಲಸವೊಂದನ್ನು ಹೇಳಿದರು. ಅಧ್ಯಕ್ಷರು ಅಂದರೆ ಮಹದೇವಪ್ಪ ಮೇಷ್ಟ್ರು, ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದವರು, ಹಣೆಯಲ್ಲಿ ಮೂರು ಎಳೆ ವಿಭೂತಿ, ಕಿಸೆಯಲ್ಲಿ ಸದಾ ಏಲಕ್ಕಿ. ರಾಜ್ಯದ ಸಂಘದವರು ಪ್ರತಿ ಘಟಕವೂ ಮುಂದಿನ ಯುಗಾದಿಯೊಳಗೆ ತನ್ನ ಬೈಲಾ ಮತ್ತು ಮೂರು ವರ್ಷದ ಯೋಜನೆಯನ್ನು ಬರೆದು ಕಳಿಸಬೇಕು ಅಂದಿದ್ದರು. ಮೇಷ್ಟ್ರು ನನ್ನ ಕಡೆ ನೋಡಿ, "ನೀನೇ ಬರಿಯಮ್ಮ, ನಿಂಗ ಕ್ರಮ ಗೊತ್ತು" ಅಂದರು. ಅದನ್ನು ದಿನಚರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ.

ಮೇ ತಿಂಗಳ ಸುಡುಬಿಸಿಲಲ್ಲಿ ಕೂತು ಮೂರು ವಾರ ಯೋಜನೆ ಬರೆದೆ. ಕಾರ್ಖಾನೆಗಳ ಆಡಳಿತಕ್ಕೆ ನಮ್ಮ ಬಳಿ ಬಂದವರ ಹೆಸರು ಹೇಳಬಾರದೆಂಬ ಎಲ್ಲರಿಗೂ ಒಂದೇ ಆದ ನಿಯಮ, ಎರಡು ತಿಂಗಳಿಗೊಮ್ಮೆ ಕಷ್ಟದ ಪ್ರಕರಣಗಳ ಚರ್ಚೆ, ಸಮಾಲೋಚಕರು ಸಾಲದ ಕೆಲಸದ ಜಾಗಗಳಿಗೆ ಸದಸ್ಯರು ಸರದಿಯ ಮೇಲೆ ಹೋಗಿ ಕೂರುವ ದಿನಗಳು. ಈ ಕೊನೆಯದಕ್ಕೆ ದೊಡ್ಡ ಹಾಳೆಯಲ್ಲಿ ಮೂರು ಬಣ್ಣದ ಪಟ್ಟಿ ಮಾಡಿದ್ದೆ. ಪ್ರತಿ ತಿಂಗಳ ಮೊದಲ ಸೋಮವಾರ ಡಿಪೊಗೆ ಹೆಚ್ಚುವರಿ ಇಬ್ಬರು, ಎರಡನೇ ಸೋಮವಾರ ಹನೂರಿನ ಕ್ವಾರಿಗೆ ಒಬ್ಬರು, ಹೀಗೆ.

ಹಾಳೆಯನ್ನು ಗೋಡೆಗೆ ಅಂಟಿಸಿದಾಗ ಎಲ್ಲರೂ ಎದ್ದು ಬಂದು ನೋಡಿದರು. ಮೇಷ್ಟ್ರು ಏಲಕ್ಕಿ ಬಾಯಿಗೆ ಹಾಕಿಕೊಂಡು ತಲೆದೂಗಿದರು. ರೇವತಿ ಹಿಂದಿನಿಂದ ಮೆತ್ತಗೆ ಹೇಳಿದಳು. "ಸಾ, ಡಿಪೊಗೆ ಸೋಮವಾರ ಅಂತ ಬೇಡ. ಅಮಾಸೆ ಮಾರನೆ ದಿನ ಅಂತ ಇಡಿ. ಬೆಟ್ಟದ ಸ್ಪೆಷಲ್ ಬಸ್ಸು ಓಡ್ಸಿ ಓಡ್ಸಿ ಬಂದಿರ್ತಾರಲ್ಲ, ಅವತ್ತು ಬಾಯಿ ಬಿಡ್ತಾರೆ. ಬ್ಯಾರೆ ದಿನ ಕರೆದ್ರೂ ಬರಲ್ಲ."

ಎಲ್ಲರೂ ಮತ್ತೆ ಪಟ್ಟಿಯ ಕಡೆ ತಿರುಗಿದರು. ಆಮೇಲೆ ಎಲ್ಲರೂ ಒಟ್ಟಿಗೆ ಹೌದಲ್ವಾ ಅಂದರು. ಅಮಾವಾಸ್ಯೆ ಬಂದರೆ ಈ ಭಾಗದ ಬಸ್ಸೆಲ್ಲ ಮಾದೇಶ್ವರನ ಬೆಟ್ಟದ ಕಡೆ ಮುಖ ಮಾಡುತ್ತದೆ. ಆ ಬಸ್ಸುಗಳ ಕಿಟಕಿಯಲ್ಲಿ ತಲೆಗಳನ್ನು ಎಣಿಸುತ್ತಾ ಬೆಳೆದವಳು ನಾನು. ಬಸ್ಸಿನ ತುಂಬ ಜನರನ್ನು ಕಂಡಿದ್ದೆ. ಅದನ್ನು ಓಡಿಸುವವನನ್ನು ಒಂದು ದಿನವೂ ನೋಡಿರಲಿಲ್ಲ. ಮೂರು ವಾರದ ಪಟ್ಟಿ, ಮೂರು ಬಣ್ಣ, ಅವಳ ಎರಡು ಮಾತಿಗೆ ಅಡ್ಡಬಿತ್ತು. ಅದೂ ಸರಿಯಾಗಿಯೇ. ಹನೂರಿನ ಕ್ವಾರಿಗಳಲ್ಲಿ ಕೆಲಸ ಮಾಡುವ ಮಾದೇಶಣ್ಣ, "ಸುಮಮ್ಮ, ನಿಮ್ ಪಟ್ಟಿಗೆ ಚಂದ್ರನ್ನೂ ಸೇರಿಸ್ಕಳಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ನನ್ನ ಕೋಣೆಗೆ ಬರುವ ಹೆಂಗಸರಿಗೆ ನಾನೊಂದು ಉಪಾಯ ಹೇಳುವುದುಂಟು. ಜೊತೆಯವಳು ಸೂಪರ್‌ವೈಸರ್ ಆದಳೆಂದು ಕುದಿಯುವವರು ಬಹಳ. ಆ ಕುದಿ ಬಂದಾಗಲೆಲ್ಲ ಒಂದು ಗೀಟು ಹಾಕಿ, ವಾರದ ಕೊನೆಗೆ ಎಣಿಸಿ, ಎಣಿಸಿದ್ದು ಇಳಿಯುತ್ತದೆ ಅನ್ನುತ್ತೇನೆ. ಅವತ್ತಿನಿಂದ ನನ್ನ ದಿನಚರಿಯ ಅಂಚಿನಲ್ಲೂ ಗೀಟುಗಳು ಶುರುವಾದವು. ಮೇಷ್ಟ್ರು ರೇವತಿ ಎಂದು ಹೆಸರು ಹಿಡಿದು ಕೇಳಿದ್ದಕ್ಕೆ ಒಂದು. ಅವಳು ಹೇಳಿದ್ದನ್ನು ಸಭೆ ಒಪ್ಪಿದ್ದಕ್ಕೆ ಒಂದು. ಅವಳು ಬರುವವರೆಗೆ ಊಟಕ್ಕೆ ಎಲೆ ಹಾಕಬೇಡಿ ಎಂದು ಮೇಷ್ಟ್ರು ಅಂದದ್ದಕ್ಕೆ ಒಂದು. ಮೇಯಲ್ಲಿ ಒಂಬತ್ತು, ಜೂನಿನಲ್ಲಿ ಹದಿನೇಳು. ಉಪಾಯ ಬೇರೆಯವರಿಗೆ ಕೆಲಸ ಮಾಡುತ್ತಿತ್ತು.

ಜೂನಿನಲ್ಲೇ ಬೈಲಾ ಬರೆದದ್ದು. ಬಾಯಿಮಾತಿನಲ್ಲಿದ್ದ ಸರದಿಯನ್ನು ಕಾಗದಕ್ಕೆ ಇಳಿಸುವಾಗ ಪ್ರಶ್ನೆ ಎದ್ದಿತು. ಒಬ್ಬ ಸದಸ್ಯ ಯಾವ ತಾಲ್ಲೂಕಿನವನು? ಮನೆ ಇರುವ ಕಡೆಯವನೋ, ದುಡಿಯುವ ಕಡೆಯವನೋ? ಮನೆ ಎಂದು ಇಟ್ಟರೆ ರೇವತಿ ಯಳಂದೂರಿನವಳು, ಕೊಳ್ಳೇಗಾಲದ ಸರದಿಯಲ್ಲಿ ಅವಳ ಮಾತೇ ಇಲ್ಲ. ಅದು ಮೊದಲು ಹೊಳೆದದ್ದೂ ನನಗೇ. ಆದರೆ ಹಾಗೆ ಬರೆದರೆ ಹನೂರು ಸತ್ತಂತೆ. ಹನೂರಿನಲ್ಲಿ ದುಡಿಯುವ ನಮ್ಮವರಲ್ಲಿ ಅಲ್ಲೇ ಮನೆ ಮಾಡಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಕೊಳ್ಳೇಗಾಲದಿಂದ ಬೆಳಿಗ್ಗೆ ಬಸ್ಸು ಹತ್ತುವವರೇ, ಮಾದೇಶಣ್ಣನೂ ಸೇರಿ. ಹನೂರಿನ ಸರದಿ ಬಂದಾಗ ಕೂರುವವರೇ ಇರುವುದಿಲ್ಲ. ಮೇಲಾಗಿ ಕೆಲಸದ ಜಾಗದ ಮನಸ್ಸು ನೋಡುವವರ ಸಂಘ ಸದಸ್ಯರನ್ನು ಮಾತ್ರ ಮನೆಯಿಂದ ಅಳೆಯುವುದು ಯಾವ ನ್ಯಾಯ? 'ಸದಸ್ಯರು ದುಡಿಯುವ ತಾಲ್ಲೂಕೇ ಅವರ ತಾಲ್ಲೂಕು' ಎಂದು ಒಂಬತ್ತನೇ ನಿಯಮ ಬರೆದೆ. ರೇವತಿ ಇದರಿಂದ ಕೊಳ್ಳೇಗಾಲದವಳಾದಳು. ಆಗಲಿ, ಇಬ್ಬರೂ ನಿಲ್ಲೋಣ, ಎರಡು ವರ್ಷ ದುಡಿದವಳು ಯಾರೆಂದು ಕೈಗಳು ಹೇಳಲಿ ಎಂಬ ಧೈರ್ಯ ನನಗಿತ್ತು. ಅವಳನ್ನು ಒಂದು ಸಲ ಎದುರಿಗೆ ನಿಲ್ಲಿಸಿ ಗೆಲ್ಲಬೇಕೆಂಬ ಆಸೆಯೂ.

ಆಷಾಢದ ಗಾಳಿ ಎದ್ದಿತು. ಎರಡನೇ ಸೋಮವಾರ ಕಾರ್ಖಾನೆಯ ಮ್ಯಾನೇಜರು ಕರೆದು, ಹನೂರಿನ ಹೊಸ ಘಟಕಕ್ಕೆ ನಾಳೆಯಿಂದ ನೀವೇ ಅಂದರು. ಅಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ವಾರ ತುಂಬುವುದರೊಳಗೆ ಬಿಟ್ಟು ಹೋಗುತ್ತಿದ್ದರಂತೆ. ನಾನು ಒಪ್ಪಿಕೊಂಡು ಹೊರಗೆ ಬಂದು, ಗೇಟಿನ ಹತ್ತಿರ ನಿಂತಾಗ ಒಂಬತ್ತನೇ ನಿಯಮ ನೆನಪಾಯಿತು. ಗಾಳಿಗೆ ಕಣ್ಣಿಗೆ ಧೂಳು ಬಿತ್ತು ಎಂದು ಕಾವಲುಗಾರನಿಗೆ ಹೇಳಿದೆ. ನಾಳೆಯಿಂದ ನಾನು ಹನೂರಿನವಳು. ಕೊಳ್ಳೇಗಾಲದ ಸರದಿಗೆ ಉಳಿದವಳು ರೇವತಿ ಒಬ್ಬಳೇ, ಬೇರೆ ಯಾರಿಗೂ ಆ ಹೊರೆ ಬೇಕಿರಲಿಲ್ಲ.

ಹನೂರಿನ ಆ ತಿಂಗಳುಗಳು ಬಸ್ಸಿನ ಕಿಟಕಿಯಲ್ಲಿ ಕಳೆದವು. ಮಳೆ ಬರುವ ಹಾಗೆ ಮಾಡಿ ಬೆಟ್ಟದ ಸಾಲಿನ ಆಚೆಗೆ ಹೋಗಿಬಿಡುತ್ತಿತ್ತು. ಲೊಕ್ಕನಹಳ್ಳಿಯ ಕಡೆಯಿಂದ ಬರುವ ಹೆಂಗಸರು ಹೊಲಿಗೆ ಯಂತ್ರದ ಮೇಲೇ ತೂಕಡಿಸುತ್ತಿದ್ದರು. ಸೂಪರ್‌ವೈಸರ್ ಸೋಮಾರಿಗಳು ಅನ್ನುತ್ತಿದ್ದ. ಜೋಳದ ತೆನೆ ಹಾಲು ತುಂಬುವ ಕಾಲಕ್ಕೆ ಕಾಡಿನಿಂದ ಆನೆ ಇಳಿಯುತ್ತದೆ, ಮನೆಮಂದಿಯೆಲ್ಲ ರಾತ್ರಿಯಿಡೀ ಹೊಲ ಕಾಯುತ್ತಾರೆ ಎಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಸುಗ್ಗಿಯವರೆಗೆ ಅವರಿಗೆ ಬೆಳಗಿನ ಪಾಳಿ ತಪ್ಪಿಸಿ ಮಧ್ಯಾಹ್ನದ ಪಾಳಿ ಕೊಡಿಸಿದೆ. ಬಿಟ್ಟು ಹೋಗುವವರು ಕಡಿಮೆಯಾದರು. ಅದನ್ನು ಸಂಘದ ಪ್ರಕರಣ ಚರ್ಚೆಯಲ್ಲಿ ಹೇಳಿದಾಗ ಮೇಷ್ಟ್ರು ನನ್ನ ಹೆಸರು ಹಿಡಿದು ಹೊಗಳಿದರು. ನನ್ನ ಕಡೆಗೂ ಒಂದು ಗೀಟು ಹಾಕಿಕೊಂಡೆ. ಆ ಪುಟದಲ್ಲಿ ಅದು ಒಂದೇ ಇದೆ.

ಭಾದ್ರಪದದಲ್ಲಿ ಪಾಲಾರ್ ಕಡೆಯ ಹುಡುಗಿಯೊಬ್ಬಳು ಬಂದಳು. ಹೊಸದಾಗಿ ಸೇರಿದವಳು, ತಮಿಳು ಬಿಟ್ಟರೆ ಬೇರೆ ಬಾರದು. ನನ್ನ ಎದುರು ಕೂತು ಬರೀ ಅಳುತ್ತಾಳೆ. ನನಗೆ ಗೊತ್ತಿದ್ದ ನಾಲ್ಕು ತಮಿಳು ಮಾತು ಸಂತೆಗೆ ಸಾಕು, ಅಳುವವರಿಗೆ ಸಾಲದು. ಬೇರೆ ದಾರಿ ಕಾಣದೆ, ಹುಡುಗಿಯನ್ನು ಕೈಸನ್ನೆಯಲ್ಲಿ ಕೇಳಿ ಒಪ್ಪಿಸಿ, ರೇವತಿಗೆ ಫೋನು ಮಾಡಿದೆ. ರೇವತಿಯ ತಾಯಿಯ ತವರು ಆ ಕಡೆಯದು, ಅವಳಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಹುಡುಗಿ ನಕ್ಕಳು. ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ, ನನ್ನ ಫೋನಿನಲ್ಲಿ ಅವಳ ಜೊತೆ ನಕ್ಕಳು. ಹುಡುಗಿ ಉಳಿದಳು ಎಂಬ ಸಮಾಧಾನ ನನಗಿರಲಿಲ್ಲವೆಂದಲ್ಲ. ಆದರೆ ಆ ದಿನದ ಅಂಚಿನಲ್ಲಿ ಗೀಟೇ ಇಲ್ಲ, ಪೆನ್ನು ಒತ್ತಿ ಹಾಳೆ ತೂತಾದ ಗುರುತಿದೆ.

ದಸರಾ ಕಳೆದು ಹಿಂಗಾರು ಹಿಡಿದಾಗ ಮೇಷ್ಟ್ರು ಮನೆಗೆ ಕರೆಸಿದರು. ಬೈಲಾದ ಕರಡು ಅವರ ಮಡಿಲಲ್ಲಿತ್ತು. ಅವರು ಅದನ್ನು ಓದುತ್ತಿರಲಿಲ್ಲ. ಮಳೆ ನೋಡುತ್ತಾ ಹೇಳಿದರು.

"ಇದಿನ್ನೂ ಕರಡು ತಾನೆ ಸುಮಾ? ಒಂಬತ್ತರಾಗ ವಾಸ ಮಾಡೋ ತಾಲ್ಲೂಕು ಅಂತ ಬರ್ಕೊಂಡ್ರೆ ಯಾರು ಕೇಳ್ತಾರೆ? ಕೆಲಸ ಮಾಡ್ದವ್ಳು ನೀನು."

"ಹನೂರಿನೋರಿಗೆ ಯಾವತ್ತೂ ಸರದಿ ಬರಲ್ಲ ಸಾ," ಅಂದೆ.

"ಅದ್ನ ಆಮೇಲೆ ನೋಡ್ಕೊಳ್ಳಾದು."

ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದೆ. ಮಾಡಿದೆ ಕೂಡ. ನನ್ನ ಕಡೆಯ ಕಾರಣಗಳನ್ನು ಒಂದು ಪಕ್ಕ, ನಿಯಮದ ಕಡೆಯ ಕಾರಣಗಳನ್ನು ಇನ್ನೊಂದು ಪಕ್ಕ ಬರೆದೆ. ನನ್ನ ಕಡೆಯವೇ ಹೆಚ್ಚಿದ್ದವು. ಮಾದೇಶಣ್ಣನಿಗೆ ನಷ್ಟವಾಗುತ್ತದೆ, ಆದರೆ ಅವನಿಗೆ ಹುದ್ದೆಯ ಆಸೆ ಇಲ್ಲ. ರಾಜ್ಯದವರು ಓದಿ ನೋಡುವುದೂ ಇಲ್ಲ. ಒಂದು ಪದ, ಅಷ್ಟೇ. ಶನಿವಾರದ ಹೊತ್ತಿಗೆ ಬದಲಿಸುವುದೆಂದೇ ತೀರ್ಮಾನಿಸಿದ್ದೆ.

ಆ ಶನಿವಾರ ಸಂಜೆ ಹನೂರಿನ ಬಸ್ಸಿಳಿದಾಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ರೇವತಿ ನಿಂತಿದ್ದಳು, ಯಳಂದೂರಿನ ಬಸ್ಸಿಗಾಗಿ. ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಅರ್ಧ ನನ್ನ ಕೈಗೆ ಸುರಿದಳು. ಮೇಷ್ಟ್ರು ಅವಳಿಗೂ ಏನೋ ಸೂಚನೆ ಕೊಟ್ಟಿರಬೇಕು.

"ವಾಸ ಅಂತಲೇ ಬರ್ದುಬಿಡು ಕಣೆ," ಅಂದಳು. "ನಂಗೇನೂ ಬೇಜಾರಿಲ್ಲ. ನೀನೇ ಆಗು. ನಾನು ಆದ್ರೂ ನಿನ್ನೇ ಕೇಳ್ಕಂಡು ಮಾಡ್ಬೇಕು."

ಸುಲಿದ ಕಡಲೆಕಾಯಿ ಬಾಯಿಯಲ್ಲೇ ಉಳಿಯಿತು. ಅವಳ ಮುಖದಲ್ಲಿ ಕುಹಕವನ್ನು ಹುಡುಕಿದೆ. ವೃತ್ತಿಯೇ ಮುಖ ನೋಡುವುದಾದ್ದರಿಂದ ಚೆನ್ನಾಗಿ ಹುಡುಕಿದೆ. ಇರಲಿಲ್ಲ. ಅವಳು ನಿಜವಾಗಿ ಕೊಡುತ್ತಿದ್ದಳು, ಕಡಲೆಕಾಯಿ ಕೊಟ್ಟ ಹಾಗೆ. ಅವಳಿಂದ ಕಸಿದುಕೊಳ್ಳಲು ನಾನು ಸಿದ್ಧವಾಗಿದ್ದೆ. ಅವಳು ಕೊಟ್ಟದ್ದನ್ನು ತೆಗೆದುಕೊಳ್ಳಲು ಮಾತ್ರ ಆಗುವಂತಿರಲಿಲ್ಲ.

"ಬೇಡ," ಅಂದೆ. "ನಿಯಮ ಸರಿಯಾಗೇ ಅದೆ. ನೀನೇ ಆಗ್ಬೇಕು."

"ಕೋಪಾನೇನೆ?"

"ಬಸ್ಸು ಬಂತು ನೋಡು, ಓಗು."

ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಡ್ರೈವರು ಅವಳು ಕೂರುವವರೆಗೆ ಬಸ್ಸು ಬಿಡಲಿಲ್ಲ. ಒಂಬತ್ತನೇ ನಿಯಮ ಇದ್ದ ಹಾಗೇ ಉಳಿಯಿತು. ಮೇಷ್ಟ್ರು ಅದನ್ನು ನನ್ನ ದೊಡ್ಡತನ ಅಂದುಕೊಂಡು ಎಲ್ಲರ ಮುಂದೆ ಹೊಗಳಿದರು. ನಾನು ತಿದ್ದಲಿಲ್ಲ.

ಯುಗಾದಿಯ ಮುಂದಿನ ಭಾನುವಾರ ಮಹಾಸಭೆ. ಊಟಕ್ಕೆ ಮೆಸ್ಸಿನಲ್ಲಿ ಹೋಳಿಗೆ ಮಾಡಿಸಿದ್ದರು. ಬೆಳಿಗ್ಗೆಯೇ ಕೆಳಗೆ ಹಂಡೆ ಇಟ್ಟಿದ್ದರಿಂದ ಮಹಡಿಯ ತುಂಬ ನೂಲಿನ ವಾಸನೆ, ಹೋಳಿಗೆ ತಿಂದ ಬಾಯಿಗೆ ಅದು ಇನ್ನಷ್ಟು ಹತ್ತಿತು. ಇಳಿಯುವ ಜಂಟಿ ಕಾರ್ಯದರ್ಶಿ ಸೂಚಿಸಬೇಕು. ಎದ್ದೆ. ಹಿಂದಿನ ದಿನ ಕನ್ನಡಿಯ ಮುಂದೆ ಆ ಒಂದು ವಾಕ್ಯವನ್ನು ಹೇಳಿ ನೋಡಿದ್ದೆ, ಧ್ವನಿ ನಡುಗದ ಹಾಗೆ. "ಕೊಳ್ಳೇಗಾಲದ ಸರದಿಗೆ ಕಾರ್ಯದರ್ಶಿಯಾಗಿ ರೇವತಿಯವರ ಹೆಸರನ್ನು ಸೂಚಿಸುತ್ತೇನೆ." ನಡುಗಲಿಲ್ಲ. ಮಾದೇಶಣ್ಣ ಅನುಮೋದಿಸಿದ. ಕೈಗಳು ಎದ್ದವು. ನಡಾವಳಿ ಬರೆಯುವವಳು ನಾನಾದ್ದರಿಂದ ಎಣಿಸುವವಳೂ ನಾನೇ. ಹದಿಮೂರು. ಆಗ ರೇವತಿ, "ನಂಗೂ ಒಂದು ಓಟು ಅದೆ ಅಲ್ವ?" ಎಂದು ನಗುತ್ತಾ ತನ್ನ ಕೈಯನ್ನೂ ಎತ್ತಿದಳು. ಹದಿನಾಲ್ಕು.

ಆಮೇಲೆ ಅವಳು ಮೂರು ವರ್ಷದ ಯೋಜನೆ ಓದಿದಳು. ನನ್ನ ವಾಕ್ಯಗಳು ಅವಳ ಬಾಯಿಯಲ್ಲಿ ನನ್ನ ಬಾಯಿಗಿಂತ ಚೆನ್ನಾಗಿ ಕೇಳಿಸಿದವು. ಓದಿ ಮುಗಿಸಿ, ಇದರಲ್ಲಿ ಅಮಾವಾಸ್ಯೆ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಸುಮಳದ್ದು ಅಂದಳು. ಚಪ್ಪಾಳೆ ಬಿತ್ತು. ಹೆಸರು ಹೇಳದೆ ಬಿಟ್ಟಿದ್ದರೆ ಎರಡು ವರ್ಷ ನೆಮ್ಮದಿಯಾಗಿ ಅವಳನ್ನು ಬೈದುಕೊಂಡಿರಬಹುದಿತ್ತು. ಒಂದು ದೂರಿನ ಸುಖವನ್ನೂ ಅವಳು ನನಗೆ ಉಳಿಸಲಿಲ್ಲ.

ಎರಡು ವರ್ಷ ಅವಳು ಚೆನ್ನಾಗಿಯೇ ನಡೆಸಿದಳು. ನೋಟಿಸು ತಡವಾಗುತ್ತಿತ್ತು, ಜನ ಮಾತ್ರ ತಡವಾಗದೆ ಬರುತ್ತಿದ್ದರು. ಅಮಾವಾಸ್ಯೆಯ ಮಾರನೆ ದಿನ ಡಿಪೊದಲ್ಲಿ ನಾನೂ ನನ್ನ ಸರದಿ ಕೂತೆ. ಡ್ರೈವರುಗಳು ಬಂದರು, ಬಾಯಿ ಬಿಟ್ಟರು.

ಕಳೆದ ಭಾನುವಾರ ಹನೂರಿನ ಸರದಿ. ಒಂಬತ್ತನೇ ನಿಯಮದ ಪ್ರಕಾರ ಹನೂರಿನವಳು ನಾನು. ನಿಯಮ ಬದಲಿಸಿದ್ದರೆ ಈ ದಿನ ಬರುತ್ತಲೇ ಇರಲಿಲ್ಲ ಎಂದು ಮಾದೇಶಣ್ಣ ಊಟದ ಎಲೆಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದ. ಈ ಸಲ ಇಳಿಯುವ ಜಂಟಿ ಕಾರ್ಯದರ್ಶಿ ಅವನೇ, ನನ್ನ ಹೆಸರನ್ನು ಅವನು ಸೂಚಿಸಿದ. ರೇವತಿ ಮೊದಲೇ ಎದ್ದು ಅನುಮೋದಿಸಿದಳು. ಕೆಳಗೆ ಹಂಡೆ ಕುದಿಯುತ್ತಿತ್ತು. ಎರಡು ವರ್ಷದ ಹಿಂದಿನ ಅದೇ ಹದಿನಾಲ್ಕು ಜನ, ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಕೈಗಳು ಎದ್ದವು. ಅಭ್ಯಾಸ ಬಿಡದು, ನಾನು ಎಣಿಸಿದೆ. ಹದಿಮೂರು.

ಅವಳದಕ್ಕಿಂತ ಒಂದು ಕಡಿಮೆ. ಯಾರದು ಎಂದು ಸಾಲು ಹಿಡಿದು ಮತ್ತೆ ಎಣಿಸಿದೆ. ಮೇಷ್ಟ್ರ ಕೈ ಇತ್ತು, ಮಾದೇಶಣ್ಣನದು ಇತ್ತು, ರೇವತಿಯದು ಎಲ್ಲರಿಗಿಂತ ಮೇಲಿತ್ತು. ಅವಳು ನನ್ನನ್ನೇ ನೋಡುತ್ತಾ ಹುಬ್ಬು ಹಾರಿಸಿದಳು, ಎತ್ತು ಎನ್ನುವಂತೆ. ಆಗ ಗೊತ್ತಾಯಿತು. ನನ್ನ ಎರಡು ಕೈಗಳೂ ಮಡಿಲಲ್ಲಿದ್ದವು.

ಎತ್ತಬಹುದಿತ್ತು. ಎತ್ತಿದ್ದರೆ ಸಮವಾಗುತ್ತಿತ್ತು. ಆದರೆ ಅವಳು ಹೇಳಿದ ಮೇಲೆ ಎತ್ತಿದಂತಾಗುತ್ತಿತ್ತು. ಹೊಸ ಕಾರ್ಯದರ್ಶಿಯೆಂದು ನನ್ನ ಕೈಗೆ ಬಂದ ನಡಾವಳಿಯಲ್ಲಿ ಹದಿಮೂರು ಎಂದೇ ಬರೆದೆ.